ಜಾನ್ ಬನ್ಯನ್

ಜಾನ್ ಬನ್ಯನ್ (1628 – 31 ಆಗಸ್ಟ್ 1688) 17ನೆಯ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಬೋಧಕ ಹಾಗೂ ಲೇಖಕ. ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಎಂಬ ರೂಪಕಕಥೆಯಿಂದ ಈತ ಜಗತ್ಪ್ರಸಿದ್ಧನಾದನು. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದೆ ಪಾತ್ರೆ ಸರಿಪಡಿಸುವ ಕಸುಬಿನಿಂದ ಬದುಕಿದ ಈತ ಸುಮಾರು 60 ಕೃತಿಗಳನ್ನು ರಚಿಸಿದನು. ಯೌವನದಲ್ಲಿ ಹಲವು ವರ್ಷಗಳ ಕಾಲ ತಾನು ದೇವರಿಂದ ಶಾಶ್ವತವಾಗಿ ತಿರಸ್ಕೃತನಾದವನು ಎಂಬ ಭಾವನೆ ಈತನನ್ನು ಕಾಡಿತು. ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ನುಗ್ಗುತ್ತಿದ್ದ ದುಷ್ಟ ಆಲೋಚನೆಗಳೊಡನೆ ಈತ ನಡೆಸಿದ ಹೋರಾಟ ಮತ್ತು ಕ್ರೈಸ್ತ ವಿಶ್ವಾಸದ ಮೂಲಕ ಅದರಿಂದ ಪಡೆದ ಬಿಡುಗಡೆ 1666ರಲ್ಲಿ ಪ್ರಕಟವಾದ ಗ್ರೇಸ್ ಅಬೌಂಡಿಂಗ್ ಎಂಬ ಆತ್ಮಕಥನದ ವಸ್ತುವಾಗಿವೆ. ಹತಾಶೆಗೆ ಒಳಗಾದ ಮನಸ್ಸಿನ ಒಳಚಲನೆಯನ್ನು ಸೂಕ್ಷ್ಮವಾಗಿ ದಾಖಲಿಸಿದ ಆರಂಭಿಕ ಇಂಗ್ಲಿಷ್ ಕೃತಿಗಳಲ್ಲಿ ಅದೂ ಒಂದು.

ಜನನ ಮತ್ತು ಬಾಲ್ಯ

ಬನ್ಯನ್ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್‌ಸ್ಟೋ ಗ್ರಾಮದ ಪರಿಸರದಲ್ಲಿ ಜನಿಸಿದನು. 1628ರ ನವೆಂಬರ್ 30ರಂದು ಎಲ್‌ಸ್ಟೋ ಚರ್ಚಿನಲ್ಲಿ ಈತನಿಗೆ ದೀಕ್ಷಾಸ್ನಾನವಾಯಿತು. ತಂದೆ ಥಾಮಸ್ ಬನ್ಯನ್, ತಾಯಿ ಮಾರ್ಗರೆಟ್ ಬೆಂಟ್ಲಿ. ಊರೂರು ತಿರುಗಿ ಲೋಹದ ಪಾತ್ರೆಗಳನ್ನು ಬೆಸೆದು ಸರಿಪಡಿಸುವುದು ತಂದೆಯ ಕಸುಬು. ಮಗನೂ ಅದನ್ನೇ ಕಲಿತನು. ಬಡತನವಿದ್ದರೂ ತಂದೆತಾಯಿಗಳು ಈತನನ್ನು ಸ್ವಲ್ಪ ಕಾಲ ಶಾಲೆಗೆ ಕಳುಹಿಸಿ ಓದುಬರಹ ಕಲಿಸಿದರು.

ಬಾಲ್ಯದಲ್ಲಿಯೇ ಭಯಂಕರ ಕನಸುಗಳು ಈತನನ್ನು ಪೀಡಿಸುತ್ತಿದ್ದವು. ಒಂಬತ್ತು ಹತ್ತು ವರ್ಷದ ಹುಡುಗನಾಗಿದ್ದಾಗಲೇ ನ್ಯಾಯತೀರ್ಪಿನ ದಿನ ಮತ್ತು ನರಕದ ವಿಚಾರ ನೆನೆದು ಆಟದ ನಡುವೆಯೂ ಮಂಕಾಗುತ್ತಿದ್ದುದಾಗಿ ಈತ ಮುಂದೆ ಬರೆದುಕೊಂಡಿದ್ದಾನೆ. ಕ್ರಮೇಣ ಆ ಕನಸುಗಳು ನಿಂತವು. ಹದಿಹರೆಯಕ್ಕೆ ಬರುವ ವೇಳೆಗೆ ಆಣೆಯಿಡುವುದು, ಸುಳ್ಳು ಹೇಳುವುದು, ದೇವದೂಷಣೆ ಮಾಡುವುದು ಇವುಗಳಲ್ಲಿ ತನ್ನ ಸಮಾನರಿಲ್ಲ ಎಂಬಂತೆ ಬದುಕುತ್ತಿದ್ದನೆಂದು ಈತನ ಸ್ವಂತ ಹೇಳಿಕೆ.

1644ರ ಜೂನ್ ತಿಂಗಳಲ್ಲಿ ತಾಯಿ ತೀರಿಕೊಂಡಳು. ಮುಂದಿನ ತಿಂಗಳು ತಂಗಿ ಮಾರ್ಗರೆಟ್ ಮೃತಳಾದಳು. ಕೆಲವೇ ವಾರಗಳಲ್ಲಿ ತಂದೆ ಮತ್ತೊಂದು ಮದುವೆ ಮಾಡಿಕೊಂಡನು. ಆಗ ಬನ್ಯನ್‌ಗೆ ಇನ್ನೂ 16 ವರ್ಷ ತುಂಬಿರಲಿಲ್ಲ.

ಸೈನ್ಯ ಸೇವೆ

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದೊರೆ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವೆ ಅಂತರ್ಯುದ್ಧ ನಡೆಯುತ್ತಿತ್ತು. 1644ರಲ್ಲಿ ಬನ್ಯನ್ ಪಾರ್ಲಿಮೆಂಟಿನ ಸೈನ್ಯವನ್ನು ಸೇರಿ ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಊರಿನ ಕಾವಲು ಪಡೆಯಲ್ಲಿ 1647ರ ವರೆಗೆ ಇದ್ದನು. ಒಮ್ಮೆ ಮುತ್ತಿಗೆಯೊಂದಕ್ಕೆ ಹೋಗಲು ಈತನನ್ನು ಆಯ್ಕೆ ಮಾಡಲಾಗಿತ್ತು. ಹೊರಡುವ ಹೊತ್ತಿಗೆ ಇನ್ನೊಬ್ಬ ಸೈನಿಕ ತಾನು ಹೋಗುವುದಾಗಿ ಕೇಳಿಕೊಂಡು ಈತನ ಬದಲು ಹೋದನು. ಅಲ್ಲಿ ಪಹರೆ ನಿಂತಿದ್ದಾಗ ತಲೆಗೆ ಗುಂಡು ತಗುಲಿ ಸತ್ತನು. ತನ್ನ ಜಾಗದಲ್ಲಿ ಮತ್ತೊಬ್ಬ ಸತ್ತನೆಂಬ ಈ ಸಂಗತಿಯನ್ನು ಬನ್ಯನ್ ತನ್ನ ಆತ್ಮಕಥನದಲ್ಲಿ ಸೇರಿಸಿದ್ದಾನೆ. ಇದು ದೇವರ ಕರುಣೆಯೆಂದು ಆತ ಅರ್ಥೈಸಿದ್ದು ಬಹುಕಾಲದ ನಂತರ.

ವಿವಾಹ ಮತ್ತು ಧಾರ್ಮಿಕ ಜಾಗೃತಿ

ಸೈನ್ಯದಿಂದ ಮರಳಿದ ಬನ್ಯನ್ 1649ರ ಸುಮಾರಿಗೆ ವಿವಾಹವಾದನು. ಮೊದಲ ಪತ್ನಿಯ ಹೆಸರು ದಾಖಲೆಗಳಲ್ಲಿ ಉಳಿದಿಲ್ಲ. ದಂಪತಿಗಳ ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚವೂ ಇಲ್ಲದಷ್ಟು ಬಡತನವಿತ್ತು. ಆದರೆ ಆಕೆ ತನ್ನ ತಂದೆಯಿಂದ ಬಂದ ಎರಡು ಭಕ್ತಿಗ್ರಂಥಗಳನ್ನು ಜೊತೆಯಲ್ಲಿ ತಂದಿದ್ದಳು. ಅವು ಆರ್ಥರ್ ಡೆಂಟ್ ಮತ್ತು ಲೂಯಿಸ್ ಬೇಲಿ ಎಂಬವರು ಬರೆದ ಪುಸ್ತಕಗಳು. ಇಬ್ಬರೂ ಕೂಡಿ ಅವನ್ನು ಓದಿದರು. ಇವರ ಹಿರಿಯ ಮಗಳು ಮೇರಿ ಹುಟ್ಟು ಕುರುಡಿ. ಎಲಿಜಬೆತ್, ಜಾನ್ ಮತ್ತು ಥಾಮಸ್ ಇತರ ಮಕ್ಕಳು.

ಈ ಓದಿನಿಂದ ಬನ್ಯನ್ ಧಾರ್ಮಿಕ ಆಚರಣೆಗಳ ಕಡೆ ತಿರುಗಿದನು. ಒಂದು ಭಾನುವಾರ ಎಲ್‌ಸ್ಟೋ ಬಯಲಿನಲ್ಲಿ ಟಿಪ್‌ಕ್ಯಾಟ್ ಎಂಬ, ನಮ್ಮ ಚಿನ್ನಿದಾಂಡನ್ನು ಹೋಲುವ ಆಟವಾಡುತ್ತಿದ್ದಾಗ, ಪಾಪವನ್ನು ಬಿಟ್ಟು ಸ್ವರ್ಗಕ್ಕೆ ಹೋಗುವೆಯೋ ಪಾಪವನ್ನು ಇಟ್ಟುಕೊಂಡು ನರಕಕ್ಕೆ ಹೋಗುವೆಯೋ ಎಂದು ಯಾರೋ ಕೇಳಿದಂತಾಯಿತು. ಕೋಲನ್ನು ಕೈಬಿಟ್ಟು ಆಕಾಶವನ್ನು ನೋಡುತ್ತ ನಿಂತ ಈತನಿಗೆ ಮೊದಲು ಹೊಳೆದದ್ದು ಕಾಲ ಮಿಂಚಿಹೋಯಿತೆಂಬ ವಿಚಾರ. ಹೇಗೂ ಕ್ಷಮೆಯಿಲ್ಲವೆಂದ ಮೇಲೆ ಕೆಲವು ಪಾಪಗಳಿಗೆ ಬದಲು ಅನೇಕ ಪಾಪಗಳಿಗೆ ಶಿಕ್ಷೆ ಹೊಂದುವುದೇ ಸರಿಯೆಂದು ತೀರ್ಮಾನಿಸಿ ಮತ್ತೆ ಆಟಕ್ಕೆ ಇಳಿದನು. ಹತಾಶೆ ಮನುಷ್ಯನನ್ನು ಒಳಿತಿಗೆ ತಳ್ಳುವುದಿಲ್ಲ, ಇನ್ನಷ್ಟು ಕೇಡಿಗೇ ತಳ್ಳುತ್ತದೆ ಎಂಬ ಅನುಭವ ಈತನಿಗೆ ಆದದ್ದು ಹೀಗೆ.

ಕೆಲಕಾಲದ ನಂತರ ಆಣೆ ಹಾಕುವುದನ್ನೂ ಕುಣಿತವನ್ನೂ ಬಿಟ್ಟು ಊರವರಿಂದ ಸಜ್ಜನನೆನಿಸಿಕೊಂಡನು. ಚರ್ಚಿನ ಗಂಟೆ ಬಾರಿಸುವುದು ಈತನಿಗೆ ಪ್ರಿಯವಾದ ಹವ್ಯಾಸವಾಗಿತ್ತು. ಅದೂ ವ್ಯರ್ಥ ವಿನೋದವೆಂದು ತೋರಿ ಬಿಟ್ಟುಬಿಟ್ಟನು. ಆದರೆ ಇತರರು ಬಾರಿಸುವುದನ್ನು ನೋಡಲು ಹೋಗುತ್ತಿದ್ದನು. ಗಂಟೆ ತಲೆಯ ಮೇಲೆ ಬಿದ್ದರೆ ಎಂಬ ಆಲೋಚನೆ ಬಂದು ತೊಲೆಯ ಕೆಳಗೆ ನಿಂತನು. ಗೋಡೆಗೆ ಬಡಿದು ಪುಟಿದು ಬಂದರೆ ಎಂದು ಬಾಗಿಲಿಗೆ ಸರಿದನು. ಗೋಪುರವೇ ಕುಸಿದರೆ ಎಂಬ ಭಯದಿಂದ ಕೊನೆಗೆ ಅಲ್ಲಿಂದ ಓಡಿಹೋದನು. ಪ್ರತಿಯೊಂದು ರಕ್ಷಣೆಯೂ ಹೊಸದೊಂದು ಭಯವನ್ನು ಹುಟ್ಟಿಸುವ ಈ ಪ್ರವೃತ್ತಿ ಮುಂದಿನ ವರ್ಷಗಳಲ್ಲಿ ಉಲ್ಬಣಿಸಿತು.

ಬೆಡ್‌ಫರ್ಡ್ ಸಭೆಯ ಸಂಪರ್ಕ

ಒಂದು ದಿನ ಕಸುಬಿನ ಕೆಲಸಕ್ಕಾಗಿ ಬೆಡ್‌ಫರ್ಡ್‌ಗೆ ಹೋಗಿದ್ದಾಗ, ಮೂರು ನಾಲ್ಕು ಮಂದಿ ಬಡ ಹೆಂಗಸರು ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ದೇವರ ವಿಷಯ ಮಾತನಾಡುತ್ತಿದ್ದುದು ಈತನ ಕಿವಿಗೆ ಬಿತ್ತು. ತಮ್ಮ ಹೃದಯದ ದೌರ್ಬಲ್ಯವನ್ನು ಮುಚ್ಚಿಡದೆ ಹೇಳಿಕೊಂಡರೂ ಅವರ ಮಾತಿನಲ್ಲಿ ಭಯವಿರಲಿಲ್ಲ, ಸಂತೋಷವಿತ್ತು. ಧರ್ಮದ ವಿಷಯದಲ್ಲಿ ವಾಚಾಳಿಯಾಗಿದ್ದ ಬನ್ಯನ್‌ಗೆ ಅವರ ಮಾತು ಅರ್ಥವಾಗಲಿಲ್ಲ. ತನ್ನ ಸದ್ಗುಣವೆಲ್ಲ ಹೊರಗಿನ ಲೇಪವೆಂಬುದು ಮಾತ್ರ ಅರಿವಾಯಿತು.

ಆ ಹೆಂಗಸರು ಸೇರಿದ್ದ ಸ್ವತಂತ್ರ ಸಭೆಯ ಪಾಲಕ ಜಾನ್ ಗಿಫರ್ಡ್. ಈತ ಒಮ್ಮೆ ದೊರೆಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಮರಣದಂಡನೆಗೆ ಗುರಿಯಾಗಿ ತಪ್ಪಿಸಿಕೊಂಡು ಬಂದು ಬೆಡ್‌ಫರ್ಡ್‌ನಲ್ಲಿ ವೈದ್ಯವೃತ್ತಿ ಹಿಡಿದವನು. ಕುಡಿತ ಜೂಜುಗಳಲ್ಲಿ ಮುಳುಗಿದ್ದು ಬಳಿಕ ಪರಿವರ್ತನೆ ಹೊಂದಿದವನು. ಹೆಂಗಸರು ಬನ್ಯನ್‌ನ ವಿಚಾರವನ್ನು ಗಿಫರ್ಡ್‌ಗೆ ತಿಳಿಸಿದರು. ಆತ ಈತನನ್ನು ಮನೆಗೆ ಕರೆಸಿಕೊಂಡು ಮಾತನಾಡಿಸುತ್ತಿದ್ದನು. ಯಾರ ಮಾತನ್ನೂ ಸುಮ್ಮನೆ ನಂಬದೆ ದೇವರಿಂದಲೇ ನಿಶ್ಚಯ ಪಡೆಯಬೇಕೆಂಬುದು ಗಿಫರ್ಡ್‌ನ ಬೋಧನೆ. 1650ರ ದಶಕದ ಮಧ್ಯಭಾಗದ ವೇಳೆಗೆ ಬನ್ಯನ್ ಈ ಸಭೆಯ ಸದಸ್ಯನಾಗಿದ್ದನು.

ಮನೋಕ್ಲೇಶದ ವರ್ಷಗಳು

ಸಭೆಯ ಸಹವಾಸದಿಂದ ಒಡನೆ ನೆಮ್ಮದಿ ದೊರೆಯಲಿಲ್ಲ. ಬದಲಾಗಿ ಈತನ ಮನಸ್ಸಿನ ಕಠಿಣ ಪರೀಕ್ಷೆಯ ಕಾಲ ಆರಂಭವಾಯಿತು. ತನಗೆ ನಿಜವಾಗಿ ವಿಶ್ವಾಸವಿದೆಯೇ, ದೇವರು ತನ್ನನ್ನು ಆರಿಸಿಕೊಂಡಿರುವನೇ, ಕೃಪೆಯ ದಿನ ಕಳೆದುಹೋಗಿದೆಯೇ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ವಿಶ್ವಾಸವಿದ್ದರೆ ಅದ್ಭುತ ನಡೆಯಬೇಕೆಂದು ಭಾವಿಸಿ, ರಸ್ತೆಯ ಗುಂಡಿಗಳ ನೀರು ಒಣಗಲೆಂದು ಆಜ್ಞಾಪಿಸಲು ಒಮ್ಮೆ ಯೋಚಿಸಿ, ಒಣಗದಿದ್ದರೆ ತನ್ನ ಗತಿಯೇನೆಂದು ಹೆದರಿ ಸುಮ್ಮನಾದನು. ದೇವರ ಅಸ್ತಿತ್ವವನ್ನೇ ಅಲ್ಲಗಳೆಯುವ ಆಲೋಚನೆಗಳು ಅಲೆಯಲೆಯಾಗಿ ನುಗ್ಗಿದವು. ನಾಯಿ, ಕಪ್ಪೆ ಮುಂತಾದ ಪ್ರಾಣಿಗಳಿಗೆ ಪಾಪವಿಲ್ಲ, ನರಕವಿಲ್ಲ ಎಂದು ಅವುಗಳನ್ನು ಕಂಡು ಅಸೂಯೆಪಟ್ಟನು.

ಈ ಅವಧಿಯಲ್ಲಿ ಮಾರ್ಟಿನ್ ಲೂಥರ್ ಗಲಾತ್ಯದವರಿಗೆ ಬರೆದ ಪತ್ರಿಕೆಗೆ ರಚಿಸಿದ ವ್ಯಾಖ್ಯಾನದ ಹಳೆಯ ಪ್ರತಿಯೊಂದು ಈತನ ಕೈಸೇರಿತು. ಮುಟ್ಟಿದರೆ ಹಾಳೆ ಉದುರುವಂತಿದ್ದ ಆ ಪುಸ್ತಕದಲ್ಲಿ ತನ್ನದೇ ಸ್ಥಿತಿಯ ವರ್ಣನೆಯನ್ನು ಕಂಡು ಬನ್ಯನ್ ಆಶ್ಚರ್ಯಗೊಂಡನು. ತನಗೊಬ್ಬನಿಗೇ ಬಂದಿದೆ ಎಂದುಕೊಂಡಿದ್ದ ಸಂಕಟವನ್ನು ನೂರು ವರ್ಷಗಳ ಹಿಂದೆ ಮತ್ತೊಬ್ಬ ಅನುಭವಿಸಿದ್ದನೆಂಬ ಅರಿವು ಈತನಿಗೆ ಧೈರ್ಯ ಕೊಟ್ಟಿತು. ಬೈಬಲನ್ನು ಬಿಟ್ಟರೆ ನೊಂದ ಮನಸ್ಸಾಕ್ಷಿಗೆ ಇದಕ್ಕಿಂತ ಉತ್ತಮ ಪುಸ್ತಕ ಬೇರೊಂದಿಲ್ಲವೆಂಬುದು ಈತನ ಅಭಿಪ್ರಾಯವಾಗಿತ್ತು.

ಇದಾದ ಮೇಲೆ ಅತಿ ತೀವ್ರವಾದ ಪೀಡೆ ಬಂದಿತು. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದು ಆಲೋಚನೆ ಸುಮಾರು ಒಂದು ವರ್ಷ ಕಾಲ ಈತನನ್ನು ಬಿಡದೆ ಹಿಡಿಯಿತು. ಊಟಕ್ಕೆ ಕುಳಿತಾಗ, ಸೌದೆ ಸೀಳುವಾಗ, ನೆಲದ ಮೇಲಿನ ಗುಂಡುಸೂಜಿಯನ್ನು ಎತ್ತಿಕೊಳ್ಳಲು ಬಗ್ಗಿದಾಗಲೂ ಅದೇ ಮಾತು ಒಳಗೆ ಮೊಳಗುತ್ತಿತ್ತು. ಸಾವಿರ ಲೋಕಗಳನ್ನು ಕೊಟ್ಟರೂ ಮಾರೆನೆಂದು ಈತ ಮನಸ್ಸಿನಲ್ಲಿಯೇ ಉತ್ತರಿಸುತ್ತ, ಎದುರಾಳಿಯನ್ನು ತಳ್ಳುವವನಂತೆ ಕೈ ಮೊಣಕೈಗಳನ್ನು ಆಡಿಸುತ್ತಿದ್ದನು. ಉತ್ತರಿಸಿದಷ್ಟೂ ಆಲೋಚನೆ ಬಲಗೊಂಡಿತು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಹೋರಾಡಿ ದಣಿದಿದ್ದಾಗ, ಆತ ಬೇಕಾದರೆ ಹೋಗಲಿ ಎಂಬ ಭಾವ ಮನಸ್ಸಿನಲ್ಲಿ ಹಾದುಹೋಯಿತು. ತಾನು ಕ್ರಿಸ್ತನನ್ನು ಮಾರಿಯೇಬಿಟ್ಟೆನೆಂದು ಬನ್ಯನ್ ನಂಬಿದನು.

ಮುಂದಿನ ಸುಮಾರು ಎರಡು ವರ್ಷ ಈತನ ಕಣ್ಣೆದುರಿಗೆ ನಿಂತದ್ದು ಏಸಾವನ ಕಥೆ. ಒಂದು ಹೊತ್ತಿನ ಊಟಕ್ಕಾಗಿ ಚೊಚ್ಚಲ ಹಕ್ಕನ್ನು ಮಾರಿದ ಏಸಾವ ಬಳಿಕ ಕಣ್ಣೀರಿಟ್ಟು ಬೇಡಿದರೂ ಆಶೀರ್ವಾದ ಪಡೆಯಲಿಲ್ಲವೆಂಬ, ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಮಾತು ತನಗೇ ಅನ್ವಯಿಸುತ್ತದೆಂದು ಈತ ತಿಳಿದನು. ದಾವೀದ, ಪೇತ್ರ, ಯೂದ ಇವರ ಪಾಪಗಳನ್ನು ತನ್ನ ಪಾಪದೊಡನೆ ತೂಗಿನೋಡಿ ತನ್ನದೇ ಹೆಚ್ಚು ತೂಕದ್ದೆಂದು ತೀರ್ಮಾನಿಸಿದನು. ವಿಶ್ವಾಸವನ್ನು ತೊರೆದು ಹತಾಶನಾಗಿ ಸತ್ತ ಇಟಲಿಯ ಫ್ರಾನ್ಸಿಸ್ ಸ್ಪೀರಾ ಎಂಬಾತನ ಚರಿತ್ರೆಯನ್ನು ಓದಿದುದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಕ್ಷಮೆಯಿಲ್ಲದ ಪಾಪವನ್ನು ಮಾಡಿರುವೆನೇನೋ ಎಂಬ ಭಯವನ್ನು ಹಿರಿಯ ಕ್ರೈಸ್ತನೊಬ್ಬನ ಬಳಿ ತೋಡಿಕೊಂಡಾಗ, ಆತ ತನಗೂ ಹಾಗೆಯೇ ತೋರುತ್ತದೆಂದು ಹೇಳಿಬಿಟ್ಟನು. ಒಂದು ದಿನ ನೆರೆಯ ಊರಿನ ಬೀದಿಯ ಬೆಂಚಿನ ಮೇಲೆ ಕುಳಿತಿದ್ದಾಗ ಆಕಾಶದ ಸೂರ್ಯ ತನಗೆ ಬೆಳಕು ಕೊಡಲು ಹಿಂಜರಿಯುತ್ತಿರುವಂತೆಯೂ ಬೀದಿಯ ಕಲ್ಲು, ಮನೆಗಳ ಹೆಂಚುಗಳೆಲ್ಲ ತನಗೆ ವಿರೋಧವಾಗಿ ನಿಂತಿರುವಂತೆಯೂ ಭಾಸವಾಯಿತು.

ಬಿಡುಗಡೆ

ಬನ್ಯನ್‌ನ ಚೇತರಿಕೆ ಒಂದೇ ಕ್ಷಣದಲ್ಲಿ ಆದುದಲ್ಲ. ಮುಂದೆ ಸಾಗುವುದು, ಹಿಂದೆ ಬೀಳುವುದು, ಮತ್ತೆ ಏಳುವುದು ಹೀಗೆ ಅದು ಹಲವು ಹಂತಗಳಲ್ಲಿ ನಡೆಯಿತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ದೇವರ ಕೃಪೆಯೇ ಸಾಕೆಂದು ಪೌಲನಿಗೆ ತಿಳಿಸಿದ ಮಾತಿದೆ. ಕೃಪೆ ಸಾಕೆಂಬ ಭಾಗ ಈತನಿಗೆ ಆಸರೆಯಾಯಿತು, ಆದರೆ ಆ ಕೃಪೆ ನಿನಗೆ ಎಂಬ ಭಾಗವನ್ನು ತನ್ನದಾಗಿಸಿಕೊಳ್ಳಲು ವಾರಗಟ್ಟಲೆ ಸಾಧ್ಯವಾಗಲಿಲ್ಲ. ಕೃಪೆ ಇತರರಿಗೆ ಸಾಕು, ತನಗಲ್ಲ ಎಂದೇ ಈತ ಎಣಿಸಿದ್ದನು. ಸಭೆಯ ಕೂಟವೊಂದರಲ್ಲಿ ಕುಳಿತಿದ್ದಾಗ ಆ ವಾಕ್ಯವು ಸಂಪೂರ್ಣವಾಗಿ ಮೂರು ಸಲ ಮನಸ್ಸಿಗೆ ಬಂದು ತನ್ನನ್ನೇ ಉದ್ದೇಶಿಸಿದಂತೆ ತೋರಿತು. ಕೆಲಕಾಲದ ಬಳಿಕ ಏಸಾವನ ಕುರಿತ ವಾಕ್ಯವೂ ಈ ವಾಕ್ಯವೂ ಒಟ್ಟಿಗೆ ಎದುರಾದರೆ ಯಾವುದು ಗೆಲ್ಲುವುದೋ ನೋಡೋಣವೆಂದು ಈತ ಬಯಸಿದನು. ಎರಡೂ ಒಂದೇ ಹೊತ್ತಿಗೆ ಮನಸ್ಸಿಗೆ ಬಂದಾಗ ಏಸಾವನದು ಮಂಕಾಗಿ ಕೃಪೆಯ ಮಾತು ಉಳಿಯಿತು.

ಆ ಬಳಿಕ, ತನ್ನನ್ನು ಹೆದರಿಸಿದ ವಚನಗಳಿಂದ ತಪ್ಪಿಸಿಕೊಳ್ಳುವ ಬದಲು ಅವನ್ನು ಹತ್ತಿರದಿಂದ ಪರಿಶೀಲಿಸಲು ಬನ್ಯನ್ ಧೈರ್ಯ ಮಾಡಿದನು. ಏಸಾವ ಹಕ್ಕನ್ನು ಮಾರಿದ್ದು ಮನಃಪೂರ್ವಕವಾಗಿ. ತನ್ನಲ್ಲಿ ಹಾದುಹೋದದ್ದು ದೀರ್ಘ ಪ್ರತಿರೋಧದ ಕೊನೆಯಲ್ಲಿ ಬಂದ ಒಂದು ಆಲೋಚನೆ ಎಂಬ ಭೇದ ಆಗ ಕಾಣಿಸಿತು. ತನ್ನ ಬಳಿಗೆ ಬರುವವನನ್ನು ಎಂದಿಗೂ ತಳ್ಳಿಬಿಡುವುದಿಲ್ಲವೆಂಬ ಕ್ರಿಸ್ತನ ವಾಗ್ದಾನ, ಅಂದರೆ ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದ 37ನೆಯ ವಚನ, ಈತನಿಗೆ ವಿಶೇಷ ಆಧಾರವಾಯಿತು. 1678ರಲ್ಲಿ ಆ ಒಂದೇ ವಚನದ ಮೇಲೆ ಈತ ಒಂದು ಇಡೀ ಪುಸ್ತಕವನ್ನು ಪ್ರಕಟಿಸಿದನು.

ನಿರ್ಣಾಯಕ ಅರಿವು ಹೊಲವೊಂದನ್ನು ದಾಟುತ್ತಿದ್ದಾಗ ಬಂದಿತು. ತನ್ನ ನೀತಿಯು ಪರಲೋಕದಲ್ಲಿದೆ, ದೇವರ ಬಲಗಡೆಯಲ್ಲಿರುವ ಕ್ರಿಸ್ತನೇ ಆ ನೀತಿ ಎಂಬ ವಿಚಾರ ಹೊಳೆಯಿತು. ತನ್ನ ಮನಸ್ಸು ಉಲ್ಲಾಸದಿಂದಿದ್ದರೆ ಆ ನೀತಿ ಹೆಚ್ಚುವುದಿಲ್ಲ, ಕುಗ್ಗಿದ್ದರೆ ಕಡಿಮೆಯಾಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ಮನೆಗೆ ಬಂದು ಆ ಮಾತನ್ನು ಬೈಬಲಿನಲ್ಲಿ ಹುಡುಕಿದಾಗ ಅದೇ ರೂಪದಲ್ಲಿ ಎಲ್ಲಿಯೂ ಸಿಗಲಿಲ್ಲ; ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 1ನೆಯ ಅಧ್ಯಾಯದ 30ನೆಯ ವಚನದಲ್ಲಿ ಅದರ ತಿರುಳು ಸಿಕ್ಕಿತು. ಅದುವರೆಗೆ ಈತ ತನ್ನ ಒಳಗನ್ನೇ ಪರೀಕ್ಷಿಸಿ ತಾನು ದೇವರಿಗೆ ಒಪ್ಪಿಗೆಯಾದವನೋ ಅಲ್ಲವೋ ಎಂದು ನಿರ್ಣಯಿಸಲು ಯತ್ನಿಸುತ್ತಿದ್ದನು. ಬದಲಾಗುತ್ತಿದ್ದ ಮನಸ್ಸಿನಿಂದ ಬದಲಾಗದ ಉತ್ತರವನ್ನು ಪಡೆಯಲು ಆಗಿರಲಿಲ್ಲ. ಆ ಆಧಾರವು ತನ್ನ ಹೊರಗೆ ಕ್ರಿಸ್ತನಲ್ಲಿದೆ ಎಂದು ಕಂಡ ಮೇಲೆ ಕೆಟ್ಟ ಆಲೋಚನೆಗಳು ಬಂದರೂ ಅವು ತೀರ್ಪುಗಳಾಗಿ ತೋರಲಿಲ್ಲ. ಕಾಲಿನ ಸಂಕೋಲೆಗಳು ಕಳಚಿಬಿದ್ದ ಅನುಭವವೆಂದು ಈತ ಇದನ್ನು ವರ್ಣಿಸಿದ್ದಾನೆ.

ಆದರೂ ಪೀಡೆ ಪೂರ್ತಿಯಾಗಿ ನಿಂತಿತೆಂದು ಬನ್ಯನ್ ಎಲ್ಲಿಯೂ ಹೇಳಿಕೊಂಡಿಲ್ಲ. ಸಭೆಯ ಸದಸ್ಯನಾಗಿ ಕರ್ತನ ಭೋಜನದಲ್ಲಿ ಪಾಲುಗೊಳ್ಳುವಾಗ ದೂಷಣೆಯ ಆಲೋಚನೆಗಳು ಕೆಲವು ತಿಂಗಳು ಕಾಡಿದವು. ಕಾಯಿಲೆ ಬಿದ್ದಾಗ ಹಳೆಯ ಭಯಗಳು ಮರಳಿದವು. ಆತ್ಮಕಥನದ ಕೊನೆಯಲ್ಲಿ, ತನ್ನ ಹೃದಯದಲ್ಲಿ ಇನ್ನೂ ಉಳಿದಿರುವ ಏಳು ದೋಷಗಳನ್ನು ಈತ ಪಟ್ಟಿಮಾಡಿದ್ದಾನೆ. ಅವುಗಳಲ್ಲಿ ಮೊದಲನೆಯದು ಅವಿಶ್ವಾಸದ ಕಡೆಗಿನ ಒಲವು. ಅವು ತನ್ನನ್ನು ತಗ್ಗಿಸಿ ಪ್ರಾರ್ಥನೆಯ ಕಡೆ ತಿರುಗಿಸುವುದರಿಂದ ಅವುಗಳಿಂದಲೂ ಪ್ರಯೋಜನವಿದೆಯೆಂದು ಈತ ಕಂಡುಕೊಂಡಿದ್ದನು.

ಬೋಧನೆ ಮತ್ತು ಸೆರೆವಾಸ

1655ರಲ್ಲಿ ಗಿಫರ್ಡ್ ತೀರಿಕೊಂಡನು. ಆ ಸುಮಾರಿಗೆ ಬನ್ಯನ್ ಬೆಡ್‌ಫರ್ಡ್‌ನಲ್ಲಿ ನೆಲೆಸಿ, ಸಭೆಯವರ ಒತ್ತಾಯದಿಂದ ಬೋಧಿಸಲು ತೊಡಗಿದನು. ಮೊದಲ ಪುಸ್ತಕ 1656ರಲ್ಲಿ ಹೊರಬಂದಿತು. 1658ರಲ್ಲಿ ಮೊದಲ ಪತ್ನಿ ನಾಲ್ವರು ಮಕ್ಕಳನ್ನು ಬಿಟ್ಟು ಮೃತಳಾದಳು. ಮರುವರ್ಷ ಈತ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದನು.

1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನವನ್ನೇರಿದ ಮೇಲೆ, ರಾಜ್ಯದ ಅಧಿಕೃತ ಚರ್ಚಿಗೆ ಸೇರದವರ ಕೂಟಗಳ ವಿರುದ್ಧ ಹಳೆಯ ಕಾನೂನುಗಳನ್ನು ಜಾರಿಗೆ ತರಲಾಯಿತು. ಅದೇ ವರ್ಷದ ನವೆಂಬರ್ 12ರಂದು ಲೋವರ್ ಸ್ಯಾಮ್ಸೆಲ್ ಎಂಬ ಹಳ್ಳಿಯಲ್ಲಿ ಬೋಧಿಸಲು ಹೋಗಿದ್ದ ಬನ್ಯನ್‌ನನ್ನು ಬಂಧಿಸಲಾಯಿತು. ಬಂಧನದ ಸುಳಿವು ಮೊದಲೇ ಸಿಕ್ಕಿದ್ದರೂ, ತಾನು ಓಡಿಹೋದರೆ ಹೊಸ ವಿಶ್ವಾಸಿಗಳು ಎದೆಗುಂದುವರೆಂದು ಈತ ಕೂಟವನ್ನು ಕೈಬಿಡಲಿಲ್ಲ. 1661ರ ಜನವರಿಯಲ್ಲಿ ನಡೆದ ವಿಚಾರಣೆಯಲ್ಲಿ ಮೂರು ತಿಂಗಳ ಸೆರೆವಾಸ ವಿಧಿಸಿ, ಬಳಿಕವೂ ಬೋಧನೆ ನಿಲ್ಲಿಸದಿದ್ದರೆ ಗಡೀಪಾರು ಮಾಡುವುದಾಗಿ ಎಚ್ಚರಿಸಲಾಯಿತು. ಬೋಧನೆ ಬಿಡುವೆನೆಂಬ ಮಾತನ್ನು ಕೊಡಲು ಈತ ಒಪ್ಪದ ಕಾರಣ ಸೆರೆವಾಸ 12 ವರ್ಷ ಮುಂದುವರಿಯಿತು.

ಪತಿಯ ಬಂಧನದ ಆಘಾತದಿಂದ ಗರ್ಭಿಣಿಯಾಗಿದ್ದ ಎಲಿಜಬೆತ್ ಮಗುವನ್ನು ಕಳೆದುಕೊಂಡಳು. ಆದರೂ ಆಕೆ ಮಲಮಕ್ಕಳನ್ನು ಸಾಕುತ್ತ, 1661ರ ಆಗಸ್ಟ್‌ನಲ್ಲಿ ಮ್ಯಾಥ್ಯೂ ಹೇಲ್ ಮೊದಲಾದ ನ್ಯಾಯಾಧೀಶರ ಮುಂದೆ ನಿಂತು ಪತಿಯ ಪರವಾಗಿ ವಾದಿಸಿದಳು. ಹೇಲ್ ಮರುಕ ತೋರಿದರೂ ಬಿಡುಗಡೆ ದೊರೆಯಲಿಲ್ಲ. ಬನ್ಯನ್ ಸೆರೆಮನೆಯಲ್ಲಿ ಲೋಹದ ತುದಿಯುಳ್ಳ ಲಾಡಿಗಳನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸಿ ಮಾರಿ ಸಂಸಾರಕ್ಕೆ ನೆರವಾದನು. ಬೈಬಲ್ ಮತ್ತು ಜಾನ್ ಫಾಕ್ಸ್ ಬರೆದ ಹುತಾತ್ಮರ ಚರಿತ್ರೆ ಅಲ್ಲಿ ಈತನ ಜೊತೆಗಿದ್ದ ಮುಖ್ಯ ಗ್ರಂಥಗಳು.

ಸೆರೆಮನೆಯಲ್ಲಿಯೂ ಮನಸ್ಸಿನ ಹೋರಾಟ ಮುಂದುವರಿಯಿತು. ಕುಟುಂಬದ ಅಗಲಿಕೆ, ಅದರಲ್ಲೂ ಕುರುಡಿ ಮಗಳು ಮೇರಿಯ ಗತಿಯ ಚಿಂತೆ ಎಲುಬಿನಿಂದ ಮಾಂಸವನ್ನು ಕೀಳುವಂತಹ ನೋವಾಗಿತ್ತು. ತನ್ನನ್ನು ಗಲ್ಲಿಗೇರಿಸಬಹುದೆಂದು ಒಂದು ಸಂದರ್ಭದಲ್ಲಿ ಈತ ಭಾವಿಸಿದ್ದನು. ಸಾವಿಗಿಂತ ಹೆಚ್ಚಾಗಿ ಈತ ಹೆದರಿದ್ದು, ಏಣಿಯ ಮೇಲೆ ಕಾಲು ನಡುಗಿ ಮುಖ ಬಿಳುಪೇರಿ ವಿಶ್ವಾಸಕ್ಕೆ ಕಳಂಕ ತರುವೆನೇನೋ ಎಂಬುದಕ್ಕೆ. ದೇವರ ಸಾಂತ್ವನಕ್ಕಾಗಿ ಬೇಡಿದರೂ ಆಗ ಯಾವ ಸಾಂತ್ವನವೂ ಅನುಭವಕ್ಕೆ ಬರಲಿಲ್ಲ. ಕೊನೆಗೆ, ಸಾಂತ್ವನ ದೊರೆಯಲಿ ಬಿಡಲಿ, ದೇವರ ವಾಕ್ಯಕ್ಕೆ ಅಂಟಿಕೊಳ್ಳುವುದು ತನ್ನ ಕರ್ತವ್ಯವೆಂದು ನಿಶ್ಚಯಿಸಿದನು. ಆ ನಿರ್ಧಾರದ ನಂತರವೇ ಭಯ ಕಡಿಮೆಯಾಯಿತು.

ಗ್ರೇಸ್ ಅಬೌಂಡಿಂಗ್ ಈ ಸೆರೆವಾಸದ ಕಾಲದ ಕೃತಿ. ತನ್ನಿಂದ ದೂರವಾಗಿದ್ದ ಸಭೆಯವರಿಗೆ ಧೈರ್ಯ ಹೇಳುವುದು ಅದರ ಉದ್ದೇಶ. ಸರಳ ಶೈಲಿಯನ್ನು ಬೇಕೆಂದೇ ಆರಿಸಿಕೊಂಡಿರುವುದಾಗಿ ಮುನ್ನುಡಿಯಲ್ಲಿ ಈತ ತಿಳಿಸಿದ್ದಾನೆ.

ಪಿಲ್‌ಗ್ರಿಮ್ಸ್ ಪ್ರೋಗ್ರೆಸ್

1672ರಲ್ಲಿ ದೊರೆ ಹೊರಡಿಸಿದ ಧಾರ್ಮಿಕ ರಿಯಾಯಿತಿಯ ಘೋಷಣೆಯಿಂದ ಬನ್ಯನ್‌ಗೆ ಬಿಡುಗಡೆಯಾಯಿತು. ಅದೇ ವರ್ಷ ಈತ ಬೆಡ್‌ಫರ್ಡ್ ಸಭೆಯ ಪಾಲಕನಾದನು. ಮುಂದೆ ಆರು ತಿಂಗಳ ಮತ್ತೊಂದು ಸೆರೆವಾಸವನ್ನು ಅನುಭವಿಸಿ 1677ರಲ್ಲಿ ಹೊರಬಂದನು. 1678ರಲ್ಲಿ ಲಂಡನ್ನಿನ ಪ್ರಕಾಶಕ ನಥಾನಿಯೆಲ್ ಪಾಂಡರ್ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಕೃತಿಯ ಮೊದಲ ಭಾಗವನ್ನು ಪ್ರಕಟಿಸಿದನು. ನಾಶನದ ಪಟ್ಟಣವನ್ನು ಬಿಟ್ಟು ಪರಲೋಕದ ಪಟ್ಟಣಕ್ಕೆ ಹೊರಟ ಕ್ರಿಶ್ಚಿಯನ್ ಎಂಬ ಯಾತ್ರಿಕನ ಪ್ರಯಾಣ ಇದರ ಕಥಾವಸ್ತು.

ಬನ್ಯನ್ ಅನುಭವಿಸಿದ ಮನೋಕ್ಲೇಶ ಈ ಕಥೆಯಲ್ಲಿ ಸ್ಥಳಗಳಾಗಿಯೂ ಪಾತ್ರಗಳಾಗಿಯೂ ರೂಪ ತಾಳಿದೆ. ಯಾತ್ರೆಯ ಆರಂಭದಲ್ಲೇ ನಿರಾಶೆಯ ಕೆಸರು ಎದುರಾಗುತ್ತದೆ. ಇಪ್ಪತ್ತು ಸಾವಿರ ಗಾಡಿಗಳಷ್ಟು ಸದುಪದೇಶವನ್ನು ಸುರಿದರೂ ಆ ಕೆಸರು ತುಂಬುವುದಿಲ್ಲ. ಮರಣದ ಕಣಿವೆಯಲ್ಲಿ ದುಷ್ಟನೊಬ್ಬ ಹಿಂದಿನಿಂದ ಬಂದು ಯಾತ್ರಿಕನ ಕಿವಿಯಲ್ಲಿ ದೂಷಣೆಯ ಮಾತುಗಳನ್ನು ಪಿಸುಗುಟ್ಟುತ್ತಾನೆ. ಯಾತ್ರಿಕ ಅವು ತನ್ನ ಹೃದಯದಿಂದಲೇ ಹುಟ್ಟಿದವೆಂದು ಭ್ರಮಿಸಿ ನರಳುತ್ತಾನೆ. ಬರುವ ಆಲೋಚನೆಗೂ ಮನುಷ್ಯನ ಸಮ್ಮತಿಗೂ ಇರುವ ವ್ಯತ್ಯಾಸ ಈ ಪ್ರಸಂಗದಲ್ಲಿ ಸ್ಪಷ್ಟವಾಗಿ ಚಿತ್ರಿತವಾಗಿದೆ.

ಹತಾಶೆಯೆಂಬ ದೈತ್ಯನ ಪ್ರಸಂಗ ಇನ್ನೂ ಪ್ರಸಿದ್ಧವಾದುದು. ಕಲ್ಲುದಾರಿಯನ್ನು ಬಿಟ್ಟು ಹುಲ್ಲುಗಾವಲಿನ ಸುಲಭದ ಹಾದಿ ಹಿಡಿದ ಕ್ರಿಶ್ಚಿಯನ್ ಮತ್ತು ಆತನ ಸಂಗಾತಿ ಹೋಪ್‌ಫುಲ್ ಆ ದೈತ್ಯನ ಕೈಗೆ ಸಿಕ್ಕಿ ಸಂಶಯದ ಕೋಟೆಯಲ್ಲಿ ಬುಧವಾರದಿಂದ ಶನಿವಾರದವರೆಗೆ ಅನ್ನನೀರಿಲ್ಲದೆ ಬಿದ್ದಿರುತ್ತಾರೆ. ದೈತ್ಯ ಅವರನ್ನು ಹೊಡೆದು, ಬದುಕುವುದರಲ್ಲಿ ಅರ್ಥವಿಲ್ಲವೆಂದು ಪ್ರಾಣ ಕಳೆದುಕೊಳ್ಳಲು ಪ್ರೇರೇಪಿಸುತ್ತಾನೆ. ಕ್ರಿಶ್ಚಿಯನ್ ಆ ಮಾತಿಗೆ ಮನಸೋಲುವಂತಾದಾಗ, ಹಿಂದೆ ಪಾರಾದ ಅಪಾಯಗಳನ್ನು ನೆನಪಿಸಿ ಹೋಪ್‌ಫುಲ್ ಆತನನ್ನು ತಡೆಯುತ್ತಾನೆ. ಶನಿವಾರ ಮಧ್ಯರಾತ್ರಿಯಿಂದ ಇಬ್ಬರೂ ಪ್ರಾರ್ಥಿಸುತ್ತಾರೆ. ಬೆಳಗಿನ ಜಾವ ಕ್ರಿಶ್ಚಿಯನ್‌ಗೆ ತನ್ನ ಎದೆಯ ಬಳಿ ವಾಗ್ದಾನವೆಂಬ ಬೀಗದಕೈ ಇರುವುದು ನೆನಪಾಗುತ್ತದೆ. ಕೋಟೆಯ ಬಾಗಿಲುಗಳೆಲ್ಲ ಅದರಿಂದ ತೆರೆಯುತ್ತವೆ.

1684ರಲ್ಲಿ ಬಂದ ಎರಡನೆಯ ಭಾಗದಲ್ಲಿ ಕ್ರಿಶ್ಚಿಯನ್‌ನ ಹೆಂಡತಿ ಮತ್ತು ಮಕ್ಕಳು ಯಾತ್ರೆ ಹೊರಡುತ್ತಾರೆ. ಇಲ್ಲಿ ದುರ್ಬಲ ಮನಸ್ಸಿನವರ ಬಗೆಗೆ ಬನ್ಯನ್‌ನ ಅನುಕಂಪ ಎದ್ದು ಕಾಣುತ್ತದೆ. ಹುಲ್ಲುಕಡ್ಡಿಗೂ ಎಡವುವ ಫಿಯರಿಂಗ್, ಊರುಗೋಲಿನ ಮೇಲೆ ನಡೆಯುವ ರೆಡಿ-ಟು-ಹಾಲ್ಟ್, ಸಂಶಯದ ಕೋಟೆಯಲ್ಲಿ ಸೆರೆಯಾಗಿದ್ದ ಡೆಸ್ಪಾಂಡೆನ್ಸಿ ಮತ್ತು ಆತನ ಮಗಳು ಇವರೆಲ್ಲರೂ ನಿಧಾನವಾಗಿಯಾದರೂ ಗುರಿ ಮುಟ್ಟುತ್ತಾರೆ. ಸದಾ ಹೆದರುತ್ತಿದ್ದ ಫಿಯರಿಂಗ್ ಮರಣದ ನದಿಯನ್ನು ದಾಟುವ ದಿನ ಅದರ ನೀರು ಎಂದೂ ಇಲ್ಲದಷ್ಟು ಇಳಿದಿರುತ್ತದೆ. ಹತಾಶೆಯ ದೈತ್ಯನನ್ನು ಕೊಂದು ಕೋಟೆಯನ್ನು ಕೆಡವುವ ಕೆಲಸವೂ ಈ ಭಾಗದಲ್ಲೇ ನಡೆಯುತ್ತದೆ. ಮೊದಲ ಭಾಗದಲ್ಲಿ ಇಬ್ಬರು ತಪ್ಪಿಸಿಕೊಂಡು ಹೋದರೆ, ಇಲ್ಲಿ ಒಂದು ಗುಂಪು ಕೂಡಿ ಕೋಟೆಯನ್ನೇ ನೆಲಸಮ ಮಾಡುತ್ತದೆ.

ಕೊನೆಯ ದಿನಗಳು

ದಿ ಲೈಫ್ ಅಂಡ್ ಡೆತ್ ಆಫ್ ಮಿಸ್ಟರ್ ಬ್ಯಾಡ್‌ಮನ್ (1680) ಮತ್ತು ದಿ ಹೋಲಿ ವಾರ್ (1682) ಬನ್ಯನ್‌ನ ಇತರ ಮುಖ್ಯ ಕೃತಿಗಳು. ಕೊನೆಯ ವರ್ಷಗಳಲ್ಲಿ ಈತ ಬೆಡ್‌ಫರ್ಡ್ ಸುತ್ತಲಿನ ಊರುಗಳಲ್ಲಿಯೂ ಲಂಡನ್ನಿನಲ್ಲಿಯೂ ಬೋಧಿಸುತ್ತಿದ್ದನು. 1688ರ ಆಗಸ್ಟ್‌ನಲ್ಲಿ ರೆಡಿಂಗ್ ಪಟ್ಟಣಕ್ಕೆ ಹೋಗಿ, ತಂದೆ ಮಗನ ನಡುವಿನ ಮನಸ್ತಾಪವೊಂದನ್ನು ಪರಿಹರಿಸಿ, ಕುದುರೆಯ ಮೇಲೆ ಲಂಡನ್ನಿಗೆ ಬರುವಾಗ ಮಳೆಯಲ್ಲಿ ತೊಯ್ದು ಜ್ವರಕ್ಕೆ ತುತ್ತಾದನು. ಆಗಸ್ಟ್ 31ರಂದು ಸ್ನೋ ಹಿಲ್ ಬೀದಿಯಲ್ಲಿದ್ದ ಗೆಳೆಯ ಜಾನ್ ಸ್ಟ್ರಡ್‌ವಿಕ್ ಎಂಬ ದಿನಸಿ ವ್ಯಾಪಾರಿಯ ಮನೆಯಲ್ಲಿ ನಿಧನನಾದನು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಈತನ ಸಮಾಧಿಯಿದೆ.

ಪ್ರಭಾವ

ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ 200ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿದೆ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಯಾತ್ರಿಕನ ಸಂಚಾರ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿತು. ಹೊಸಗನ್ನಡ ಗದ್ಯಕಥನದ ಆರಂಭವನ್ನು ಕುರಿತ ಚರ್ಚೆಗಳಲ್ಲಿ ಆ ಅನುವಾದದ ಪ್ರಸ್ತಾಪ ಬರುತ್ತದೆ. ಬೆಡ್‌ಫರ್ಡ್‌ನಲ್ಲಿ 1874ರಲ್ಲಿ ಬನ್ಯನ್‌ನ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟವಾದ ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್ ಗ್ರಂಥದಲ್ಲಿ ಬನ್ಯನ್‌ನ ಮನೋವ್ಯಥೆ ಮತ್ತು ಚೇತರಿಕೆಯನ್ನು ಪರಿಶೀಲಿಸಿದ್ದಾನೆ. ಈತ ವರ್ಣಿಸಿದ ಅನುಭವಗಳು ಇಂದು ಗೀಳು ಮನೋರೋಗವೆಂದು ಕರೆಯಲ್ಪಡುವ ಸ್ಥಿತಿಯ ಲಕ್ಷಣಗಳನ್ನು ಹೋಲುತ್ತವೆಂದು ನಂತರದ ಕೆಲವು ಲೇಖಕರು ಅಭಿಪ್ರಾಯಪಟ್ಟಿದ್ದಾರೆ. ಬನ್ಯನ್ ಮಾತ್ರ ಅದನ್ನು ಆತ್ಮದ ಹೋರಾಟವೆಂದೇ ಅರಿತಿದ್ದನು. ಕೆಟ್ಟ ಆಲೋಚನೆಗಳು ಬಾರದಂತೆ ತಡೆಯುವ ಉಪಾಯವನ್ನು ಈತನ ಕೃತಿಗಳು ಹೇಳುವುದಿಲ್ಲ. ಅವು ಬಂದಾಗ ತನ್ನ ಮನಸ್ಸಿನ ಏರಿಳಿತಗಳಿಗಿಂತ ಹೆಚ್ಚು ಸ್ಥಿರವಾದ ದೇವರ ವಾಗ್ದಾನವನ್ನು ಹಿಡಿದುಕೊಳ್ಳುವುದು, ಸಂಕಟವನ್ನು ಬಚ್ಚಿಡದೆ ಸಹಯಾತ್ರಿಕರೊಡನೆ ಹಂಚಿಕೊಳ್ಳುವುದು, ಬಿದ್ದರೂ ನಡೆಯುತ್ತಿರುವುದು ಇವು ಈತ ತೋರಿಸಿದ ದಾರಿ.